ಅವಳ ಫೈಲು, ನನ್ನ ಹಾಳೆ

ದೀಪಾವಳಿಗೆ ಕಪಾಟು ಖಾಲಿ ಮಾಡಿ ಒರೆಸುವುದು ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿ ಮನೆಯಲ್ಲಿ ನನ್ನ ಪಾಲಿನ ಕೆಲಸ. ಈ ಸಲ ಸೀರೆಗಳ ಅಡಿಯಿಂದ ಒಂದು ನೀಲಿ ಫೈಲು ಬಂತು. ಸುತ್ತಿದ್ದ ರಬ್ಬರ್‌ಬ್ಯಾಂಡು ಮುಟ್ಟಿದ್ದೇ ತುಂಡಾಗಿ ಬಿತ್ತು. ಫೈಲನ್ನು ಅಂಗೈಯಲ್ಲಿ ಎತ್ತಿ ನೋಡಿದೆ. ಹೋಟೆಲಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಅಕ್ಕಿ, ಬೇಳೆ ತೂಗಿದ ಕೈ ಇದು. ಒಂದು ಕಿಲೋಗೆ ಕಮ್ಮಿ ಇಲ್ಲ ಅಂದಿತು.

ಮೇಲೆ ಹೆಂಡತಿಯ ಹೆಸರು. ಒಳಗೆ ಮಗುವಿಗಾಗಿ ಆಸ್ಪತ್ರೆ ಸುತ್ತಿದ, 2006ರಿಂದ 2011ರವರೆಗಿನ ಅವಳ ಐದು ವರ್ಷ. ಥೈರಾಯ್ಡು, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು, ಸಕ್ಕರೆಯ ಪರೀಕ್ಷೆಗಳು. ಅಂಡ ಎಷ್ಟು ಬೆಳೆದಿದೆ ಎಂದು ದಿನ ಬಿಟ್ಟು ದಿನ ತೆಗೆದ ಸ್ಕ್ಯಾನಿನ ಮಸುಕು ಚಿತ್ರಗಳು. ಗರ್ಭಕೋಶಕ್ಕೆ ದ್ರವ ಬಿಟ್ಟು ತೆಗೆದ ಎಕ್ಸ್‌ರೇ. ಹೊಕ್ಕುಳ ಹತ್ತಿರ ತೂತು ಮಾಡಿ ಕ್ಯಾಮೆರಾ ಇಳಿಸಿದ ದಿನದ ಡಿಸ್ಚಾರ್ಜ್ ಕಾರ್ಡು. ಈ ರಾಶಿಯ ನಡುವೆ ನನ್ನ ಹೆಸರಿನ ಹಾಳೆ ಮೂರೇ ಮೂರು. ಮೊದಲನೆಯದರ ತಾರೀಕು 2009ರ ಡಿಸೆಂಬರ್.

ಈ ಲೆಕ್ಕ ಬರೆದಿಡಬೇಕು ಅನ್ನಿಸಿತು. ಅವಳನ್ನು ಕೇಳಿದೆ. "ಅಡ್ಡಿಲ್ಲೆ. ನನ್ ಹೆಸ್ರ್ ಹಾಕ್ಬೇಡಿ, ನಿಮ್ದ್ ಬೇಕಾರೆ ಹಾಕಿ" ಅಂದಳು.

ಆ ಎಕ್ಸ್‌ರೇಗೆ ಎಚ್‌ಎಸ್‌ಜಿ ಅನ್ನುತ್ತಾರೆ, ಅಂಡನಾಳಗಳು ತೆರೆದಿವೆಯೋ ಮುಚ್ಚಿವೆಯೋ ನೋಡಲು. ತಿಂಗಳ ಹೊಟ್ಟೆನೋವಿನ ಹತ್ತು ಪಟ್ಟು ಎಂದು ಆಮೇಲೊಮ್ಮೆ ಹೇಳಿದಳು. ಅವಳು ಆ ಮೇಜಿನ ಮೇಲೆ ಮಲಗಿದ್ದ ಹೊತ್ತಿಗೆ ನಾನು ಮುಲುಂಡಿನ ನಮ್ಮ ಹೋಟೆಲಿನ ಗಲ್ಲಾದಲ್ಲಿದ್ದೆ. ಮಧ್ಯಾಹ್ನದ ಊಟದ ರಶ್ಶು. ಅವಳು ದಾದರಿನಲ್ಲಿ ಒಬ್ಬಳೇ ಲೋಕಲ್ ಹಿಡಿದು, ಹೆಂಗಸರ ಡಬ್ಬಿಯಲ್ಲಿ ನಿಂತುಕೊಂಡೇ ಡೊಂಬಿವಲಿ ಮುಟ್ಟಿದಳು. ರಾತ್ರಿ "ಎಂತ ಅಂದ್ರ್?" ಅಂತ ಕೇಳಿದೆ. "ಎಲ್ಲ ಸರಿ ಇತ್ತಂಬ್ರ್." ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಏನಾದರೂ ಸಿಕ್ಕಿದ್ದರೆ ಮದ್ದು ಮಾಡಿಸಿ ಮುಗಿಸಬಹುದಿತ್ತಲ್ಲ ಎಂಬ ಬೇಸರ. ಅವಳಲ್ಲಿ ಸಿಗದಿದ್ದರೆ ಹುಡುಕಲು ಇನ್ನೊಂದು ಮೈ ಇದೆ ಎಂಬುದು ನನಗೆ ಹೊಳೆಯಲಿಲ್ಲ. ಆಗ ತೋರಿಸುತ್ತಿದ್ದ ಡಾಕ್ಟರಿಗೂ ಹೊಳೆಯಲಿಲ್ಲ ಅನ್ನುವುದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ನಮ್ಮಪ್ಪ ಬೈಂದೂರು ಕಡೆಯ ಗದ್ದೆ ಬೇಸಾಯದವರು. ಮಳೆ ಹಿಡಿಯುವ ಮುಂಚೆ ಬೀಜದ ಭತ್ತವನ್ನು ಉಪ್ಪುನೀರಿಗೆ ಸುರಿದು ಕೈಯಾಡಿಸುತ್ತಿದ್ದರು. ಜೊಳ್ಳು ತೇಲುತ್ತಿತ್ತು, ಗಟ್ಟಿಕಾಳು ಅಡಿ ಸೇರುತ್ತಿತ್ತು. ತೇಲಿದ್ದನ್ನು ಬಾಚಿ ತೆಗೆದು, ಉಳಿದದ್ದನ್ನು ಒಳ್ಳೆ ನೀರಲ್ಲಿ ತೊಳೆದು, ಗೋಣಿಯಲ್ಲಿ ಕಟ್ಟಿ ಮೊಳಕೆ ಬರಿಸುತ್ತಿದ್ದರು. ಸಸಿ ಸರಿಯಾಗಿ ಏಳದ ವರ್ಷ ಅವರ ಮೊದಲ ಮಾತು "ಬೀಜ ಎಲ್ಲಿಂದ ತಂದದ್ದ್?" ಗದ್ದೆಯನ್ನು ಬೈದದ್ದು ನಾನು ಕೇಳಿಲ್ಲ. ಅದೇ ಅಪ್ಪ, ನಮ್ಮ ಮದುವೆಯಾಗಿ ಮೂರನೇ ವರ್ಷ ಫೋನಿನಲ್ಲಿ, "ಹೆಣ್ಣನ್ನ ಒಳ್ಳೆ ಡಾಕ್ಟ್ರಿಗ್ ತೋರ್ಸ್" ಅಂದರು. ಹೆಣ್ಣನ್ನು ಗದ್ದೆಗೆ ಹೋಲಿಸುವ ಮಾತು ಈಗ ನನಗೆ ಹಿಡಿಸುವುದಿಲ್ಲ. ಅವಳದೂ ಬೀಜವೇ, ಅರ್ಧಕ್ಕರ್ಧ. ಆದರೆ ಆ ಹೋಲಿಕೆಯನ್ನು ನಂಬಿದವರು ಅದರ ಪ್ರಕಾರವಾದರೂ ನಡೆಯಬೇಡವೇ?

ಅಮ್ಮನ ದಾರಿ ಬೇರೆ. ಜಾತಕ ತೋರಿಸಿದಳು, ನಾಗದೋಷ ಅಂತ ಬಂತು. ಊರಿಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಿದೆವು. ಭಟ್ಟರು ಇಬ್ಬರನ್ನೂ ಮಣೆ ಮೇಲೆ ಕೂರಿಸಿದರು, ಇಬ್ಬರ ನಕ್ಷತ್ರವನ್ನೂ ಕೇಳಿದರು, ಸಂಕಲ್ಪದಲ್ಲಿ ಇಬ್ಬರ ಹೆಸರನ್ನೂ ಹೇಳಿದರು. ಹೆಂಗಸು ಒಬ್ಬಳೇ ಬಂದರೆ ಆಗುವುದಿಲ್ಲ ಎಂದು ಫೋನಿನಲ್ಲೇ ಎಚ್ಚರಿಸಿದ್ದರು. ನಾಗನಿಗೆ ಜೋಡಿ ಬೇಕಿತ್ತು. ಮುಂಬಯಿಯ ಡಾಕ್ಟರಿಗೆ ಅವಳೊಬ್ಬಳೇ ಸಾಕಾಯಿತು.

ಭಾಷೆಯೂ ಗಂಡಸರ ಕಡೆಗೇ ನಿಂತಿದೆ. ಬಂಜೆ ಎಂಬುದಕ್ಕೆ ಕನ್ನಡದಲ್ಲಿ ಗಂಡುರೂಪವಿಲ್ಲ. ಪತ್ರಿಕೆಗಳ ಆರೋಗ್ಯದ ಪುಟದಲ್ಲಿ 'ಪುರುಷ ಬಂಜೆತನ' ಎಂದು ಬರೆಯುತ್ತಾರೆ, ಗಂಡಸಿಗೆ ಯಾರದೋ ಸೀರೆ ಉಡಿಸಿದ ಹಾಗೆ ಕಾಣುತ್ತದೆ. ಇರುವ ಬೈಗುಳ 'ಷಂಡ'. ಅದು ಬೇರೆಯೇ ಸಂಗತಿ. ಹಾಸಿಗೆಯಲ್ಲಿ ಯಾವ ತೊಂದರೆಯೂ ಇಲ್ಲದ ಗಂಡಸಿನ ವೀರ್ಯದಲ್ಲಿ ಒಂದೇ ಒಂದು ವೀರ್ಯಾಣು ಇಲ್ಲದಿರಬಹುದು. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಯಾಕೆಂದರೆ ಆ ದ್ರವದ ಬಹುಪಾಲು ಬರುವುದು ವೃಷಣದಿಂದಲ್ಲ, ಬೇರೆ ಗ್ರಂಥಿಗಳಿಂದ. ಹೋಟೆಲಿನ ಬಾಗಿಲು ತೆರೆದಿದೆ, ಬೋರ್ಡಿನ ಲೈಟು ಉರಿಯುತ್ತಿದೆ, ಒಳಗೆ ಇಡ್ಲಿ ಖಾಲಿ. ನಾನು ಬೋರ್ಡು ನೋಡಿಕೊಂಡು ಧೈರ್ಯದಲ್ಲಿದ್ದೆ.

2009ರ ಕೊನೆಗೆ, ಯಾರೋ ಹೇಳಿದರೆಂದು, ಮಾಟುಂಗಾದಲ್ಲಿ ವಯಸ್ಸಾದ ಒಬ್ಬ ಲೇಡಿ ಡಾಕ್ಟರ ಹತ್ತಿರ ಹೋದೆವು. ಕನ್ನಡ ಬರುತ್ತಿತ್ತು. ಮಾತಾಡದೆ ಫೈಲನ್ನು ಮೊದಲಿಂದ ಕೊನೆಯವರೆಗೆ ಮಗುಚಿದರು. ಕೊನೆಯ ಹಾಳೆಯ ಬೆನ್ನನ್ನೂ ತಿರುಗಿಸಿ ನೋಡಿದರು.

"ಯಜಮಾನರ ರಿಪೋರ್ಟ್ ಎಲ್ಲಿ?"

"ನನಗೇನೂ ತೊಂದರೆ ಇಲ್ಲ ಡಾಕ್ಟ್ರೇ."

"ಹೇಗೆ ಗೊತ್ತಾಯ್ತು?"

ಹೆಂಡತಿ ತಲೆಯೆತ್ತಿ ಫ್ಯಾನು ನೋಡುತ್ತಿದ್ದಳು. ವಾಪಸು ಬರುವಾಗ ಸ್ಟೇಷನ್ನಿನ ಸೇತುವೆ ಮೇಲೆ ನಿಂತಳು. "ಹ್ವಾಯ್, ನಾನ್ ಎರಡ್ ವರ್ಷದ್ ಹಿಂದೆ ಇದನ್ನೇ ಕೇಳಿದ್ದೆ. ನೆನಪಿತ್ತಾ?" ನೆನಪಿತ್ತು. ನಮ್ಮ ಮನೆತನದಲ್ಲಿ ಅಂಥದ್ದೆಲ್ಲ ಯಾರಿಗೂ ಇಲ್ಲ ಎಂದು ಅವತ್ತು ಅವಳ ಬಾಯಿ ಮುಚ್ಚಿಸಿದ್ದೆ. ಅಪ್ಪನಿಗೆ ನಾವು ಏಳು ಮಕ್ಕಳು.

ವೀರ್ಯ ಪರೀಕ್ಷೆಗೆ ಎರಡರಿಂದ ಏಳು ದಿನ ಸಂಯಮ ಬೇಕು. ಮನೆಯಲ್ಲಿ ತೆಗೆದರೆ, ಮೈಶಾಖ ಆರದಂತೆ ಇಟ್ಟುಕೊಂಡು ಒಂದು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ಡೊಂಬಿವಲಿಯಿಂದ ದಾದರಿಗೆ, ಬೆಳಗಿನ ಫಾಸ್ಟ್ ಲೋಕಲಿನ ನೂಕಾಟದಲ್ಲಿ, ಅಂಗಿಯೊಳಗೆ ಆ ಡಬ್ಬಿ ಇಟ್ಟುಕೊಂಡು ಬರುವ ಧೈರ್ಯ ಯಾರಿಗಿದೆ? ಲ್ಯಾಬಿನಲ್ಲೇ ಕೊಡುತ್ತೇನೆ ಅಂದೆ. ಮೆಟ್ಟಿಲ ಅಡಿಯಲ್ಲಿ ಒಂದು ಬಚ್ಚಲು. ಒಂದು ಬಕೆಟ್ಟು, ಸರಿಯಾಗಿ ಕೂರದ ಚಿಲಕ, ಗೋಡೆಯ ಮೇಲೆ ಹೋದ ವರ್ಷದ ಗಣಪತಿಯ ಕ್ಯಾಲೆಂಡರು. ಗಣಪತಿಯನ್ನು ಗೋಡೆಯ ಕಡೆ ತಿರುಗಿಸಿದೆ. ಐದು ನಿಮಿಷಕ್ಕೆ ಅಟೆಂಡರ್ ಬಾಗಿಲು ತಟ್ಟಿ, "ಸಾಹೇಬ, ಝಾಲಂ ಕಾ?" ಅಂದ, ಆಯಿತಾ ಅಂತ. ಝಾಲಂ ಆಗುವುದೆಲ್ಲಿ, ಇದ್ದದ್ದೂ ಹೋಯಿತು. ಕೊನೆಗೆ ಡಬ್ಬಿಯನ್ನು ಕರ್ಚೀಫಿನಲ್ಲಿ ಸುತ್ತಿ ಕಿಟಕಿಗೆ ಒಯ್ದರೆ, ಅಲ್ಲಿದ್ದ ಹುಡುಗಿ ಹಿಂದಿನ ಸಾಲಿಗೆಲ್ಲ ಕೇಳುವ ಹಾಗೆ "ಕಿತಿ ದಿವಸಾಂಚಾ ಗ್ಯಾಪ್?" ಅಂದಳು. "ತೀನ್" ಅಂದೆ. ಬರೆದುಕೊಂಡಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅಷ್ಟೇ. ಮುನ್ನೂರು ಚಿಲ್ಲರೆ ರೂಪಾಯಿ, ಅರ್ಧ ಗಂಟೆ, ಒಂದು ಸೂಜಿಯೂ ಇಲ್ಲ. ರೈಲಿನಲ್ಲಿ ಬರುವಾಗ ಅವಳ ಎಕ್ಸ್‌ರೇ ದಿನದ್ದು ಯೋಚನೆಗೆ ಬಂತು. ಆ ಕೋಣೆಯಲ್ಲಿ ಎಷ್ಟು ಜನ ಅಪರಿಚಿತರಿದ್ದರು ಎಂದು ನಾನು ಕೇಳಿರಲೇ ಇಲ್ಲ.

ರಿಪೋರ್ಟು ಬಂತು. ಒಂದು ಮಿಲಿಲೀಟರಿಗೆ 90 ಲಕ್ಷ ವೀರ್ಯಾಣು. ಹೋಟೆಲ್ ಲೆಕ್ಕದವನಿಗೆ 90 ಲಕ್ಷ ಕಮ್ಮಿ ಅನ್ನಿಸುವುದು ಹೇಗೆ? ಎದುರಿಗೆ ಅಚ್ಚಾಗಿದ್ದ ಮಿತಿ 2 ಕೋಟಿ. ಮುಂದಕ್ಕೆ ಈಜುವವು ನೂರಕ್ಕೆ 14. ಡಾಕ್ಟರಮ್ಮ ಗಾಬರಿಯಾಗಲಿಲ್ಲ. ಒಂದು ರಿಪೋರ್ಟ್ ನಂಬಬಾರದು, ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿ ಅಂದರು. ವೃಷಣದಲ್ಲಿ ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಆಮೇಲೆ ಅದು ಹಣ್ಣಾಗುತ್ತ ಹೊರದಾರಿ ಸೇರಲು ಇನ್ನೂ ಹತ್ತು ಹದಿನಾಲ್ಕು ದಿನ. ಇದು ನನಗೆ ಕೂಡಲೇ ತಿಳಿಯಿತು. ಇವತ್ತಿನ ದೋಸೆಯ ಹುಳಿ ನಿನ್ನೆ ರಾತ್ರಿ ರುಬ್ಬಿದ ಹಿಟ್ಟಿನದು. ನನಗೆ ಅಕ್ಟೋಬರಿನಲ್ಲಿ ಮಲೇರಿಯಾ ಬಂದು ಎಂಟು ದಿನ ಮೈ ಸುಟ್ಟಿತ್ತು. ಡಿಸೆಂಬರಿನ ಹಾಳೆಯಲ್ಲಿ ಆ ಜ್ವರದ ಪಾಲೂ ಇದ್ದೀತು. 2010ರ ಮಾರ್ಚಿನ ಎರಡನೇ ಹಾಳೆಯಲ್ಲಿ 1 ಕೋಟಿ 10 ಲಕ್ಷ. ಎಲ್ಲವನ್ನೂ ಜ್ವರದ ತಲೆಗೆ ಕಟ್ಟುವ ಹಾಗಿರಲಿಲ್ಲ.

ಆಮೇಲೆ ಗಂಡಸರನ್ನೇ ನೋಡುವ ಡಾಕ್ಟರು. ಅಂಥವರೊಬ್ಬರು ಇರುತ್ತಾರೆ ಎಂಬುದೇ ನನಗೆ ಹೊಸತು. ಮೇಜಿನ ಖಾನೆಯಿಂದ ಒಂದು ಮಣಿಸರ ತೆಗೆದರು. ಮೊಟ್ಟೆಯಾಕಾರದ ಹನ್ನೆರಡು ಮಣಿ, ಚಿಕ್ಕದು 1 ಮಿಲಿಲೀಟರಿನದು, ದೊಡ್ಡದು 25ರದು. ಜಪಕ್ಕೆ ಕೂತರೇನೋ ಅಂದುಕೊಂಡೆ. ಒಂದು ಕೈಯಲ್ಲಿ ಮಣಿ, ಇನ್ನೊಂದು ಕೈಯಲ್ಲಿ ನನ್ನ ವೃಷಣ, ಎರಡನ್ನೂ ಹೋಲಿಸಿ ಗಾತ್ರ ಬರೆದುಕೊಂಡರು. ನಿಲ್ಲಿಸಿ ಕೆಮ್ಮಿಸಿದರು. "ಎಡಗಡೆ ನೀವೇ ಮುಟ್ಟಿ ನೋಡಿ" ಅಂದರು. ಚರ್ಮದ ಒಳಗೆ ಒತ್ತುಶ್ಯಾವಿಗೆಯ ಮುದ್ದೆ. ಅದು ಯಾವಾಗಿನಿಂದಲೋ ಅಲ್ಲೇ ಇತ್ತು. ಸಂಜೆ ಹೊತ್ತಿಗೆ ಸ್ವಲ್ಪ ಭಾರ ಅನ್ನಿಸುತ್ತಿತ್ತು, ನಿಂತು ನಿಂತು ಹಾಗಾಗುತ್ತದೆ ಅಂದುಕೊಂಡಿದ್ದೆ.

ವೇರಿಕೋಸೀಲ್. ವೃಷಣದಿಂದ ರಕ್ತ ಮೇಲಕ್ಕೆ ಹೋಗುವ ನಾಳಗಳು ಹಿಗ್ಗಿ, ಕವಾಟ ಸಡಿಲವಾಗಿ, ರಕ್ತ ಅಲ್ಲೇ ನಿಲ್ಲುವುದು. ಬಲಗಡೆಯ ನಾಳ ದೊಡ್ಡ ಅಭಿಧಮನಿಗೇ ಓರೆಯಾಗಿ ಸೇರುತ್ತದೆ. ಎಡಗಡೆಯದು ಉದ್ದ ಹೆಚ್ಚು, ಮೂತ್ರಪಿಂಡದ ನಾಳಕ್ಕೆ ಹೋಗಿ ಲಂಬಕೋನದಲ್ಲಿ ಕೂಡುತ್ತದೆ, ಅದಕ್ಕೇ ತೊಂದರೆ ಹೆಚ್ಚಾಗಿ ಎಡಕ್ಕೆ. ನೂರು ಗಂಡಸರಲ್ಲಿ ಸುಮಾರು 15 ಜನರಿಗೆ ಇದು ಇರುತ್ತದೆ, ಎಷ್ಟೋ ಜನ ಇದ್ದುಕೊಂಡೂ ಮಕ್ಕಳ ತಂದೆಯಾಗುತ್ತಾರೆ. ಆದರೆ ಮಕ್ಕಳಾಗಲಿಲ್ಲವೆಂದು ಪರೀಕ್ಷೆಗೆ ಬರುವ ಗಂಡಸರಲ್ಲಿ ಮೂವರಲ್ಲೊಬ್ಬನಿಗಿಂತ ಹೆಚ್ಚು ಕಾಣಸಿಗುತ್ತದೆ. ನಿಂತ ರಕ್ತ ಬಿಸಿ. ವೃಷಣಕ್ಕೆ ಬೇಕಾದದ್ದು ಮೈಗಿಂತ ಎರಡರಿಂದ ನಾಲ್ಕು ಡಿಗ್ರಿ ತಂಪು. ಅದಕ್ಕಲ್ಲವೇ ದೇವರು ಅದನ್ನು ಹೊರಗೆ ತೂಗುಹಾಕಿದ್ದು.

"ಏನು ಕೆಲಸ?"

"ಹೋಟೆಲ್."

"ಗಲ್ಲಾದಲ್ಲೋ, ಒಲೆ ಮುಂದೋ?"

ನಾನು ಹದಿನಾರರಿಂದ ಇಪ್ಪತ್ತೇಳರವರೆಗೆ ದೋಸೆಕಲ್ಲಿನ ಮುಂದೆ ನಿಂತವನು. ರಾತ್ರಿಶಾಲೆ ಮುಗಿಸಿ ಬಂದು, ಒಲೆಯ ಮೇಲಿನ ಪೋಟ್‌ಮಾಳಾದಲ್ಲೇ, ಗಿಡ್ಡ ಅಟ್ಟದಲ್ಲಿ, ಮಲಗುತ್ತಿದ್ದೆ. ಮಾಲೀಕನಾದ ಮೇಲೂ ಅಡುಗೆ ಭಟ್ಟರು ರಜೆ ಹಾಕಿದ ದಿನ ನಾನೇ ನಿಲ್ಲುತ್ತಿದ್ದೆ. ದೋಸೆಕಲ್ಲಿನ ಅಂಚು ಸರಿಯಾಗಿ ಎಲ್ಲಿಗೆ ಬರುತ್ತದೆ ಎಂದು ಅಲ್ಲಿ ನಿಂತವರಿಗೆ ಗೊತ್ತು: ಸೊಂಟಕ್ಕಿಂತ ನಾಲ್ಕು ಬೆರಳು ಕೆಳಗೆ. ಹಳೆಯ ಕಾವಿನ ಲೆಕ್ಕ ಬಿಡಿ, ಮೂರು ತಿಂಗಳಿಗೊಮ್ಮೆ ಹೊಸ ಬೆಳೆ ಬರುತ್ತದೆ, ಈಗ ನಿಲ್ಲುವುದನ್ನು ಕಮ್ಮಿ ಮಾಡಿ ಅಂದರು ಡಾಕ್ಟರು. ನಮ್ಮ ಕೆಲಸದವರ ಬಗ್ಗೆ ನಾನು ಯೋಚಿಸಿದ್ದು ಅವತ್ತೇ ಮೊದಲು.

ಬೀಪಿ ನೋಡಿದರು, 150ರ ಮೇಲಿತ್ತು. ಸಕ್ಕರೆ ಗಡಿಯ ಮೇಲೆ ಕೂತಿತ್ತು. ಮೂವತ್ತೈದು ವರ್ಷಕ್ಕೆ ಅದೇ ನನ್ನ ಮೊದಲ ರಕ್ತಪರೀಕ್ಷೆ, ಮಲೇರಿಯಾದ್ದು ಬಿಟ್ಟರೆ. ವೀರ್ಯಾಣು ಕಮ್ಮಿಯಿರುವುದು ಎಷ್ಟೋ ಸಲ ಬೇರೆ ಕಾಯಿಲೆಯ ಸುಳಿವಂತೆ. ಹಾರ್ಮೋನಿನದಿರಬಹುದು, ಮಧುಮೇಹದ್ದಿರಬಹುದು, ಅಪರೂಪಕ್ಕೆ ವೃಷಣದ ಗಡ್ಡೆಯೇ ಇರಬಹುದು. ದೊಡ್ಡವರಾದ ಮೇಲೆ ಮಂಗನಬಾವು ಬಂದಿತ್ತಾ, ನಮ್ಮ ಕಡೆಯ ಕೆಪ್ಪಟರಾಯ, ಅಂತಲೂ ಕೇಳಿದರು. ಹರೆಯಕ್ಕೆ ಕಾಲಿಟ್ಟ ಮೇಲೆ ಬಂದರೆ ಅದು ಕೆಳಗೂ ಇಳಿದು ವೃಷಣವನ್ನು ಬಾಡಿಸಬಹುದು. ಹೆಂಗಸಿಗೆ ತಿಂಗಳಿಗೊಮ್ಮೆ ಮೈ ನೆನಪು ಮಾಡುತ್ತದೆ. ಗಂಡಸಿಗೆ ಯಾವುದೂ ನೆನಪು ಮಾಡುವುದಿಲ್ಲ, ಎದೆ ಹಿಡಿದುಕೊಂಡು ಬೀಳುವ ತನಕ.

ಜೂನಿನಲ್ಲಿ ತೊಡೆಸಂದಿಯಲ್ಲಿ ಸಣ್ಣದೊಂದು ಕೊಯ್ತ, ಹಿಗ್ಗಿದ ನಾಳಗಳನ್ನು ಕಟ್ಟಿದರು. ಹೆಚ್ಚಿನವರಿಗೆ ಎಣಿಕೆ ಏರುತ್ತದೆ, ಎಲ್ಲರಿಗೂ ಅಲ್ಲ ಎಂದು ಮೊದಲೇ ಹೇಳಿದ್ದರು. ವರ್ಷದ ಕೊನೆಗೆ ಮೂರನೇ ಹಾಳೆ ಬಂತು: 1 ಕೋಟಿ 70 ಲಕ್ಷ, ಪಕ್ಕದಲ್ಲಿ ದಪ್ಪಕ್ಷರದಲ್ಲಿ 'ಕಮ್ಮಿ'. ಮುಖ ಬಾಡಿಸಿಕೊಂಡು ಒಯ್ದೆ. ಡಾಕ್ಟರು ನಕ್ಕರು. ಡಬ್ಲ್ಯುಎಚ್‌ಒದವರು ಅಂದರೆ ವಿಶ್ವ ಆರೋಗ್ಯ ಸಂಸ್ಥೆಯವರು, 2010ರಲ್ಲಿ ಹೊಸ ಕೈಪಿಡಿ ತಂದಿದ್ದಾರೆ, ಮಿತಿ ಈಗ 1.5 ಕೋಟಿ, ಲ್ಯಾಬಿನವರು ಹಳೇ ಫಾರಂ ಮುಗಿಯಲಿ ಅಂತ ಕಾಯ್ತಿದ್ದಾರೆ ಅಂದರು. ಕುರ್ಚಿಯಿಂದ ಏಳದೆಯೇ ನಾನು ಸರಿಯಾದೆ! 2021ರಲ್ಲಿ ಅದು 1.6 ಕೋಟಿಯಾಗಿದೆ. ಆ ಅಂಕಿ ಬೇಲಿಯೇನಲ್ಲ. ಒಂದು ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ಗಂಡಸರನ್ನು ಸಾಲಾಗಿ ನಿಲ್ಲಿಸಿದರೆ, ನೂರರಲ್ಲಿ ತೀರ ಕೆಳಗಿನ ಐವರನ್ನು ಬಿಟ್ಟು ಎಳೆದ ಗೆರೆ ಅದು. ಗೆರೆಯ ಕೆಳಗಿದ್ದೂ ತಂದೆಯಾದವರಿದ್ದಾರೆ, ಮೇಲಿದ್ದೂ ಆಗದವರಿದ್ದಾರೆ.

ಅಷ್ಟರಲ್ಲಿ ಅವಳಿಗೆ ಮೂವತ್ತೈದು ದಾಟಿತ್ತು. ಇನ್ನು ಕಾಯಬೇಡಿ ಅಂದರು. 1986ರ ಆಗಸ್ಟ್ 6ರಂದು ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದೂಜಾ ಅವರ ಕೈಯಲ್ಲಿ ಪ್ರನಾಳ ಶಿಶು ಹುಟ್ಟಿದ ಊರು ನಮ್ಮದು, ಚಿಕಿತ್ಸೆಗೇನೂ ಬರಗಾಲವಿಲ್ಲ. ಅಂಡ, ವೀರ್ಯಾಣುಗಳನ್ನು ಮೈಯ ಹೊರಗೆ ಕೂಡಿಸುವ ಈ ಐವಿಎಫ್ ಶುರುವಾದದ್ದು ಅಂಡನಾಳ ಮುಚ್ಚಿದ ಹೆಂಗಸರಿಗಾಗಿ. 1992ರಲ್ಲಿ ಬ್ರಸೆಲ್ಸ್‌ನವರು ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಇಳಿಸುವ ಇಕ್ಸಿ ವಿಧಾನದಲ್ಲಿ ಮಕ್ಕಳಾದದ್ದನ್ನು ವರದಿ ಮಾಡಿದ ಮೇಲೆ, ನನ್ನಂಥವರಿಗೂ ದಾರಿಯಾಯಿತು. ದಾರಿ ನನಗೆ, ನಡೆಯುವುದು ಮಾತ್ರ ಅವಳು. ಕೊರತೆ ನನ್ನ ವೀರ್ಯಾಣುವಿನದು, ಹನ್ನೊಂದು ದಿನ ಸೂಜಿ ಅವಳ ಹೊಟ್ಟೆಗೆ. ರಾತ್ರಿ ಹೋಟೆಲ್ ಮುಚ್ಚಿ ಓಡಿಬಂದು ನಾನೇ ಚುಚ್ಚುತ್ತಿದ್ದೆ. ಹೊಕ್ಕುಳ ಪಕ್ಕ ಬರ್ಫದ ತುಂಡು ಒತ್ತಿ, ಚರ್ಮ ಚಿವುಟಿ ಹಿಡಿದು. "ಇವತ್ತ್ ಎಡಬದಿಗ್ ಹಾಕಿ, ಬಲಬದಿ ನೀಲಿಗಟ್ಟಿತ್ತ್" ಅನ್ನುತ್ತಿದ್ದಳು. ಅರಿವಳಿಕೆ ಕೊಟ್ಟು ಅಂಡ ತೆಗೆದರು. ನಾನು ಮತ್ತೆ ಒಂದು ಡಬ್ಬಿ ಕೊಟ್ಟೆ. ಎರಡು ಭ್ರೂಣ ಇಟ್ಟರು. ಹದಿನಾಲ್ಕನೇ ದಿನ ರಕ್ತಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಇನ್ನೊಮ್ಮೆ ನೋಡುವ ಅಂದೆ. "ಸಾಕ್" ಅಂದಳು. ಆ ಒಂದು ಮಾತನ್ನಾದರೂ ಮೊದಲ ಸಲಕ್ಕೇ ಕೇಳಿಸಿಕೊಂಡೆ.

ನಾನು ಮೊದಲೇ ತೋರಿಸಿಕೊಂಡಿದ್ದರೆ ಮಗು ಆಗುತ್ತಿತ್ತು ಎಂದು ಹೇಳಲಾರೆ. ಹೊಕ್ಕುಳ ಪಕ್ಕದ ತೂತು ತಪ್ಪಬಹುದಿತ್ತು. ಅವಳ ಮೂವತ್ತೊಂದರಿಂದ ಮೂವತ್ತನಾಲ್ಕೂವರೆಯವರೆಗಿನ ಕಾಲ ಕೈಯಲ್ಲಿ ಉಳಿಯುತ್ತಿತ್ತು. ಅಂಡಕ್ಕೆ ಆ ಕಾಲ ದೊಡ್ಡದು. ಗಂಡಸಿಗೆ ವಯಸ್ಸಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ, ನಲವತ್ತರ ಮೇಲೆ ನಮ್ಮದೂ ಮೆಲ್ಲಗೆ ಇಳಿಯುತ್ತದೆ. ನಮ್ಮ ಇಳಿಜಾರು ಅಷ್ಟು ಕಡಿದಲ್ಲ, ಅಷ್ಟೇ.

ಈಗ ಈ ಮಾತನ್ನು ಹೋಟೆಲಿನಲ್ಲಿ ಗಂಡಸರ ಹತ್ತಿರ ಆಡುತ್ತೇನೆ. ಮೊದಮೊದಲು ನಗುತ್ತಿದ್ದರು. ಜಗತ್ತಿನಲ್ಲಿ ಆರರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಈ ಸಮಸ್ಯೆ ಬರುತ್ತದೆ ಎಂದು 2023ರಲ್ಲಿ ಡಬ್ಲ್ಯುಎಚ್‌ಒ ಹೇಳಿತು. ಹಾಗೆ ಕಷ್ಟಪಡುವ ಜೋಡಿಗಳಲ್ಲಿ ಹೆಚ್ಚುಕಮ್ಮಿ ಅರ್ಧದಲ್ಲಿ ಗಂಡಸಿನ ಪಾಲೂ ಇರುತ್ತದೆ. ಅಂದರೂ ಗಲ್ಲಾದ ಹತ್ತಿರ ನಿಂತವನು ಪಕ್ಕದವನ ಮುಖ ನೋಡುತ್ತಾನೆ. ಮಹಾರಾಷ್ಟ್ರದಲ್ಲಿ 2012ರಲ್ಲೇ ಗುಟ್ಕಾ ನಿಷೇಧವಾಗಿದೆ, ನಮ್ಮ ಹಿಂಬಾಗಿಲ ಮೋರಿಯಲ್ಲಿ ಮಾತ್ರ ಅದರ ಪೊಟ್ಟಣ ದಿನಾ ಸಿಗುತ್ತದೆ. ಬೀಡಿ, ಸಿಗರೇಟು, ತಂಬಾಕು ಶ್ವಾಸಕೋಶಕ್ಕೆ, ಬಾಯಿಗೆ ಮಾತ್ರ ಕೇಡು ಅಂದುಕೊಂಡಿದ್ದಾರೆ, ವೀರ್ಯಾಣುವಿಗೂ ಕೇಡೇ. ಅಣ್ಣನ ಮಗ ಡೊಂಬಿವಲಿಯ ಜಿಮ್ಮಿನಲ್ಲಿ ತೋಳು ಉಬ್ಬಿಸಲು ಟೆಸ್ಟೋಸ್ಟೆರೋನ್ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದ. ಗಂಡಸುತನದ ಮದ್ದಲ್ಲವಾ ಚಿಕ್ಕಪ್ಪ ಅಂದ. ಅವನಿಗೆ ಹೀಗೆ ಹೇಳಿದೆ: ಹೊರಗಿನಿಂದ ರೆಡಿ ಹಿಟ್ಟು ಬಂದರೆ ನಮ್ಮ ಗ್ರೈಂಡರಿನವನು ಏನು ಮಾಡುತ್ತಾನೆ? ಮಲಗುತ್ತಾನೆ. ಹಾಗೆಯೇ ಮಿದುಳು, ಮಾಲು ಬೇಕಾದಷ್ಟಿದೆ ಎಂದು ವೃಷಣಕ್ಕೆ ಕಳಿಸುವ ಹುಕುಮನ್ನು ನಿಲ್ಲಿಸುತ್ತದೆ. ತೋಳು ಉಬ್ಬುತ್ತದೆ, ವೀರ್ಯಾಣು ಸೊನ್ನೆಗೆ ಬರಬಹುದು, ಬಿಟ್ಟ ಮೇಲೆ ಮರಳಲು ತಿಂಗಳುಗಟ್ಟಲೆ. ಅವನು ಬಿಟ್ಟನೋ ಇಲ್ಲವೋ. ನನ್ನೆದುರು ತೋಳು ತೋರಿಸುವುದನ್ನಂತೂ ಬಿಟ್ಟಿದ್ದಾನೆ.

ಹೋದ ತಿಂಗಳು ನಮ್ಮ ದೋಸೆ ಹುಡುಗ ಗಲ್ಲಾದ ಹತ್ತಿರ ಸುಳಿದಾಡಿದ. ಸಿಂದಗಿ ಕಡೆಯವನು, ಮದುವೆಯಾಗಿ ಎರಡು ವರ್ಷ. "ಮಾಲಕರ, ನೀವು ಹೇಳ್ತಿದ್ರೆಲಾ ಆ ಲ್ಯಾಬು, ಎಲ್ಲೈತ್ರೀ?" ನಾನೇ ಕರೆದುಕೊಂಡು ಹೋದೆ. ಲ್ಯಾಬು ಅದೇ, ಈಗ ಟೈಲ್ಸ್ ಹಾಕಿಸಿದ್ದಾರೆ, ಚಿಲಕ ಸರಿ ಕೂರುತ್ತದೆ. ಅವನ ಹೆಂಡತಿಯೂ ಬಂದಿದ್ದಳು. ಅವಳ ಕೈಯಲ್ಲಿ ಫೈಲು ಇರಲಿಲ್ಲ. ಅವನ ಮೊಬೈಲು, ಪರ್ಸು ಹಿಡಿದುಕೊಂಡು ಬೆಂಚಿನ ತುದಿಯಲ್ಲಿ ಕೂತಳು. ಅವನು ಡಬ್ಬಿ ತೆಗೆದುಕೊಂಡು ಒಳಗೆ ಹೋದವನು ಬಾಗಿಲ ಸಂದಿಯಿಂದ ಒಮ್ಮೆ ನನ್ನ ಮುಖ ನೋಡಿ ಚಿಲಕ ಹಾಕಿಕೊಂಡ.

ಐದು ನಿಮಿಷವಾಯಿತು, ಹತ್ತಾಯಿತು. ಅಟೆಂಡರ್ ಗಡಿಯಾರ ನೋಡಿ, ಬಾಗಿಲು ತಟ್ಟಲು ಎದ್ದ. ನಾನು ಅವನ ತೋಳು ಹಿಡಿದೆ. ಇರಲಿ ಬಿಡು, ಬಾ ಚಹಾ ಕುಡಿಯುವ ಅಂದೆ, ಅವನ ಮರಾಠಿಯಲ್ಲೇ.

"ರಾಹೂ ದೇ ಭಾವೂ. ಚಲ್, ಚಹಾ ಘೇವೂಯಾ."